ಅಂಕಿಯಿಲ್ಲದ ಅರವತ್ತು ಟೈಲುಗಳು

ಭಟ್ಟಿಯಿಂದ ಇಳಿಸಿದ ಅರವತ್ತು ಟೈಲುಗಳಲ್ಲಿ ಒಂದರ ಬೆನ್ನ ಮೇಲೂ ಅಂಕಿ ಉಳಿದಿರಲಿಲ್ಲ.

ಹರಿಕೃಷ್ಣ ಒಂದೊಂದನ್ನೇ ತಿರುವಿ ನೋಡಿದ. ಅವನ ಮುಖ ಬಿಳಿಚಿಕೊಂಡಿತು. “ನಾನೇ ಬರ್ದಿದ್ದೆ ಕಣ್ರೀ, ಒಂದ್ರಿಂದ ಅರವತ್ತರ್ತನಕ. ಎಲ್ಲೋಯ್ತು?”

“ಪೆನ್ಸಿಲಲ್ಲಿ ಬರ್ದ್ರೆ ಬೆಂಕೀಲಿ ಉಳಿಯುತ್ತೇನಪ್ಪ?” ಎಂದಳು ಭಟ್ಟಿ ನೋಡಿಕೊಳ್ಳುವ ಅಮ್ಮಾಜಮ್ಮ. “ಕಾವಿಬಣ್ಣದಲ್ಲಿ ಬರೀಬೇಕು. ಇನ್ನು ಹುಡುಕ್ಕೊಂಡು ಜೋಡ್ಸಿ, ದೇವ್ರೇ ಗತಿ!”

ಆ ಪೆನ್ಸಿಲನ್ನು ಅವನ ಕೈಗೆ ಕೊಟ್ಟವಳೇ ಗೌತಮಿ. ಶಿಡ್ಲಘಟ್ಟದ ಈ ಶೆಡ್ಡಿನಲ್ಲಿ ಹತ್ತು ವರ್ಷದಿಂದ ಟೈಲಿನ ಮೇಲೆ ಚಿತ್ರ ಬರೆದು ಸುಡುವವಳಿಗೆ ಅಷ್ಟೂ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟಿದ್ದಳು. ಅಂಕಿ ಇದ್ದರೆ ಅವನು ಟೈಲುಗಳನ್ನು ಕಟ್ಟಿಕೊಂಡು ಅಂದೇ ತನ್ನೂರು ಸಾದಲಿಗೆ ಹೊರಟುಬಿಡುತ್ತಿದ್ದ. ಮತ್ತೆ ಬರಲು ಅವನಿಗೇನು ಕಾರಣ? ಇನ್ನೆರಡು ದಿನ ಎದುರಿಗಿದ್ದರೆ ಸಾಕು ಎಂದು ಅವಳ ಹಾಳು ಮನಸ್ಸಿಗೆ ತೋಚಿತ್ತು.

ಚಿತ್ರ ಅವನ ತಾಯಿ ವೆಂಕಟರತ್ನಮ್ಮನದು. ರೇಷ್ಮೆ ಹುಳುಮನೆಯ ಬಾಗಿಲಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ಕತ್ತರಿಸುವ ಹಾಗೆ. ಗುರುವಾರ ಆಕೆಯ ವರ್ಷದ ತಿಥಿ. ಅಷ್ಟರೊಳಗೆ, ಆಕೆಯೇ ಜಾಗ ಬಿಟ್ಟುಕೊಟ್ಟ ಶಾಲೆಯ ಗೋಡೆಗೆ ಅದು ಏರಬೇಕಿತ್ತು. ಇದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ. ಹಾಗಾಗಿ ಮೂರು ತಿಂಗಳು, ಪ್ರತಿ ಭಾನುವಾರ ಅವನು ಬಂದು ಪಕ್ಕದಲ್ಲಿ ಕೂತು, “ಮೂಗು ಇನ್ನೊಂಚೂರು ಮೊಂಡು ಕಣ್ರೀ” ಎನ್ನುತ್ತಿದ್ದ. ಆ ಭಾನುವಾರಗಳಲ್ಲೇ ಗೌತಮಿ ಸೋತಿದ್ದಳು.

ಸೋಮವಾರವಿಡೀ ಇಬ್ಬರೂ ನೆಲದ ಮೇಲೆ ಕೂತು ಜೋಡಿಸಿದರು. ಅರವತ್ತರಲ್ಲಿ ನಲವತ್ತು ಬರೀ ಎಲೆ. ಒಂದರಂತೆ ಇನ್ನೊಂದು.

“ಇದು ಇಲ್ಲಿಗೇ,” ಎಂದ ಹರಿಕೃಷ್ಣ. “ಎಲೆ ತುದೀಲಿ ಕುಂಚ ಎತ್ತೋಕ್ಮುಂಚೆ ಒಂದ್ಸಲ ಉಸಿರು ಹಿಡೀತೀರಲ್ಲ, ಅದೇ ಗೆರೆ.”

“ಅದನ್ನೆಲ್ಲ ಯಾವಾಗ್ ನೋಡಿದ್ರಿ?”

“ಮೂಗು ಮೊಂಡು ಅನ್ನೋಕೆ ಎಷ್ಟೊತ್ ಬೇಕು? ಮಿಕ್ಕಿದ್ ಟೈಮಲ್ಲಿ ನೋಡ್ತಿದ್ದೆ.”

ಅವಳು ತಲೆ ಎತ್ತಿದಳು. ಅವನು ತಕ್ಷಣ ಟೈಲಿನ ಕಡೆ ತಿರುಗಿದ, ಕಿವಿ ಮಾತ್ರ ಕೆಂಪಾಗಿತ್ತು. ಅವಳಿಗೆ ಸುಖವಾಯಿತು. ಹಿಂದೆಯೇ ಸಂಕಟವೂ ಆಯಿತು.

ಮಂಗಳವಾರ ಮಧ್ಯಾಹ್ನ ತಾಯಿಯ ಮುಖದ ಟೈಲು ಅವನ ಕೈಗೆ ಬಂತು. ಅದನ್ನು ತೊಡೆಯ ಮೇಲಿಟ್ಟುಕೊಂಡ.

“ಮುಟ್ಟಿದ್ದೆಲ್ಲಾ ಕೆಡಿಸ್ತೀಯ ಕಣೋ ಅಂತಿದ್ಲು ಅಮ್ಮ. ಹೋದ್ಮೇಲೂ ಕೆಡಿಸ್ದೆ ನೋಡಿ.” ಅವನ ಕಣ್ಣೀರು ಟೈಲಿನ ಮೇಲೆ ಬಿತ್ತು.

ಗೌತಮಿ ಕೈಯಲ್ಲಿದ್ದ ಟೈಲನ್ನು ಕೆಳಗಿಟ್ಟಳು. ಹೇಳಿದರೆ ಇವನು ಕೈತಪ್ಪಬಹುದು. ಹೇಳದಿದ್ದರೆ ಮಾಡದ ತಪ್ಪನ್ನು ಬದುಕಿಡೀ ಹೊರುತ್ತಾನೆ.

“ಕೆಡಿಸಿದ್ದು ನೀವಲ್ಲ, ನಾನು,” ಎಂದಳು. “ಅಳಿಸಿಹೋಗುತ್ತೆ ಅಂತ ಗೊತ್ತಿದ್ದೇ ಪೆನ್ಸಿಲ್ ಕೊಟ್ಟೆ. ಇನ್ನೆರಡು ದಿನ ನೀವು ಬರ್ಲಿ ಅಂತ. ನಿಮ್ಮನ್ನ ಕಂಡ್ರೆ ನಂಗೆ ಪ್ರಾಣ.”

ಅವನು ಎದ್ದು ನಿಂತ. “ನಮ್ಮಮ್ಮನ ತಿಥಿ ಕಣ್ರೀ ಇದು. ನಿಮಗೆ ಆಟವಾಗ್ಹೋಯ್ತಾ?”

“ಆಟ ಅಲ್ಲ. ತಪ್ಪು.”

ಅವನು ಹೊರಗೆ ಹೋದ. ಬೈಕ್ ಸ್ಟಾರ್ಟ್ ಆದ ಸದ್ದು ಕೇಳಿಸಿತು, ದೂರವಾಯಿತು. ಅಮ್ಮಾಜಮ್ಮ, “ಅಯ್ಯೋ ಪಿಚ್ಚಿದಾನಾ, ಹುಚ್ಚು ಹುಡುಗೀ! ಬಾಯ್ಮುಚ್ಕೊಂಡಿರೋಕಾಗ್ಲಿಲ್ವೇನೇ?” ಎಂದು ಹಣೆ ಚಚ್ಚಿಕೊಂಡಳು. ಗೌತಮಿ ಒಬ್ಬಳೇ ಟೈಲುಗಳನ್ನು ಜೋಡಿಸುತ್ತ ಹೋದಳು. ಕಣ್ಣು ಮಂಜಾಗಿ ಎಲೆಗಳು ಕಾಣುತ್ತಿರಲಿಲ್ಲ.

ಇನ್ನು ಏಳು ಟೈಲುಗಳಿದ್ದಾಗ ಅವನು ವಾಪಸ್ ಬಂದ. ಎದುರಿಗೆ ಕೂತು ಕೈಹಾಕಿದ. ಕೊನೆಯದನ್ನೂ ಇಟ್ಟಾಯಿತು. ವೆಂಕಟರತ್ನಮ್ಮ ಇಡಿಯಾಗಿ ಸೊಪ್ಪಿನ ನಡುವೆ ಕೂತಿದ್ದಳು.

“ಕೋಪ ಇನ್ನೂ ಹೋಗಿಲ್ಲ,” ಎಂದ.

“ಗೊತ್ತು.”

“ಎರಡು ದಿನ ಸಾಕಾಯ್ತಾ?”

“ಇಲ್ಲ.”

ಅವನು ಅವಳನ್ನೇ ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

“ಗುರುವಾರ ಬನ್ನಿ. ಆದ್ರೆ ತಿಥಿ ದಿನ ನಮ್ಮಲ್ಲಿ ಬಂದೋರೆಲ್ಲ ಮೊದ್ಲು ಉಣ್ತಾರೆ. ಮನೆಯೋರು ಕೊನೇಲಿ. ಅಲ್ಲೀತನಕ ಹಸ್ಕೊಂಡಿರ್ಬೇಕಾಗುತ್ತೆ ನೀವು.”

“ಇರ್ತೀನಿ,” ಎಂದಳು ಗೌತಮಿ.