ತೂಬಿನ ಮೇಲೆ ಕೂತ ಮಾಯಾವಿ

ಬೆಟ್ಟಗಳಿಗೆ ಇನ್ನೂ ಕಾಲಿದ್ದ ಕಾಲದಲ್ಲಿ ಹಂಸಾವತಿ ಅಂತೊಂದು ರಾಜ್ಯವಿತ್ತು. ಊರಿನ ನೆತ್ತಿಯ ಮೇಲೊಂದು ಹಳೇ ಕೆರೆ. ಎಂಥಾ ಕೆರೆ ಅಂತೀರಿ? ಈ ದಡದಿಂದ ಹಾರಿದ ಹದ್ದು ನಡುದಾರಿಯಲ್ಲೇ ಮೊಟ್ಟೆಯಿಟ್ಟು ಮರಿ ಮಾಡಿ, ಆ ಮರಿಯ ಮರಿ ಆಚೆ ದಡ ಮುಟ್ಟುತ್ತಿತ್ತು. ಸುಳ್ಳಲ್ಲ, ಆ ಹದ್ದಿನ ವಂಶದವು ಈಗಲೂ ಹಾರಾಡುತ್ತಿವೆ.

ಇಷ್ಟಿದ್ದೂ ಆ ನೀರನ್ನು ಯಾರೂ ಮುಟ್ಟುತ್ತಿರಲಿಲ್ಲ. ನೀರು ಹೊರಬಿಡುವ ತೂಬಿನ ಕಲ್ಲಿನ ಮೇಲೆ ನಂಜಾಸುರನೆಂಬ ಮಾಯಾವಿ ಕೂತಿದ್ದ. ಅವನ ಊಟವೇ ಬೇರೆ. ಜನ ಬಾಯಿಬಿಡದೆ ಒಳಗೊಳಗೇ ಇಟ್ಟುಕೊಂಡ ಹೊಟ್ಟೆಕಿಚ್ಚನ್ನು ತಿಂದು ಬದುಕುತ್ತಿದ್ದ. ಊರು ನಗುವುದನ್ನು ಕಂಡು ಸಹಿಸಲಾರದೆ ಒಂದು ಬೆಳಿಗ್ಗೆ ಕೂತಲ್ಲಿಂದಲೇ ಉಗಿದ. ಊರಿನ ಬಾವಿಗಳೆಲ್ಲ ಉಪ್ಪಾದವು.

ರಾಣಿ ಚೆನ್ನಾಜಮ್ಮ ಇಬ್ಬರನ್ನು ಕರೆಸಿದಳು. ಒಬ್ಬ ಬಾವಿ ತೋಡುವ ಜೋಗಣ್ಣ, ಇನ್ನೊಬ್ಬ ಅವನ ಹೆಂಡತಿಯ ತಮ್ಮ ದುಗ್ಗ.

"ಹೊಸ ಕೆರೆ ಕಟ್ಟಲು ಹನ್ನೆರಡು ವರ್ಷ ಬೇಕು, ನಾಲಿಗೆ ಹನ್ನೆರಡು ದಿನ ತಾಳದು. ಇರುವ ಕೆರೆ ಊರಿಗೆ ಆದೀತೋ ಇಲ್ಲವೋ ನೋಡಿ ಬನ್ನಿ. ಬೇಸಗೆ ದಾಟುವಷ್ಟು ನೀರಿದೆಯೇ? ಕುಡಿಯಲು ಒಳ್ಳೆಯದೇ? ತಾನಾಗಿ ಹರಿದು ಊರು ಸೇರುತ್ತದೆಯೇ? ಮೂರನ್ನೂ ತಿಳಿದು ಬಂದವನೇ ನೀರುಗಂಟಿ. ತೂಬೆತ್ತುವುದು, ಕೇರಿಕೇರಿಗೆ ನೀರು ಹಂಚುವುದು ಅವನದೇ."

ಮೂವತ್ತು ವರ್ಷ ಬಾವಿ ತೋಡಿದವನು ಜೋಗಣ್ಣ. ಆ ಕೆಲಸ ತನ್ನದೇ ಎಂದುಕೊಂಡಿದ್ದ. ಆದರೆ ಈ ದುಗ್ಗ! ದುಗ್ಗ ಬಂದರೆ ಹೆಂಡತಿ ಮುದ್ದೆಗೆ ತುಪ್ಪ ಸುರಿಯುತ್ತಿದ್ದಳು, ಗಂಡನಿಗೆ ನೀರುಮಜ್ಜಿಗೆ. ಬೀದಿನಾಯಿ ಕೂಡ ದುಗ್ಗನಿಗೆ ಬಾಲ ಆಡಿಸುತ್ತಿತ್ತು, ಜೋಗಣ್ಣನಿಗೆ ಬೊಗಳುತ್ತಿತ್ತು.

ಮೊದಲು ಆಳ ನೋಡಬೇಕು. ಜೋಗಣ್ಣ ಹಗ್ಗ ಇಳಿಬಿಟ್ಟ. ಏಳು ನಾಲಿಗೆಯ ಮೊಸಳೆ ಬಂದು ಕಚಕ್ಕನೆ ಕತ್ತರಿಸಿತು. ದುಗ್ಗ ನೀರಿಗೆ ಬಗ್ಗಿ, "ಮೊಸಳೆಯಜ್ಜ, ಬೆನ್ನು ಕೆರೀಲಾ?" ಅಂದ. ಕೆರೆದ. ಮೊಸಳೆಗೆ ಹಿತವಾಗಿ, ಹಗ್ಗವನ್ನು ಬಾಲಕ್ಕೆ ಕಟ್ಟಿಸಿಕೊಂಡು ತಳ ಮುಟ್ಟಿ ಬಂತು.

"ತೊಂಬತ್ತಾಳು ಆಳ ಭಾವ! ಮೂರು ಬೇಸಗೆಗೆ ಸಾಕು!"

"ಹೂಂ," ಅಂದ ಜೋಗಣ್ಣ. ಒಳಗೆ ಧಗ್ಗೆಂದಿತು. ಟಗರಿನಷ್ಟಿದ್ದ ಮಾಯಾವಿ ಆನೆಯಷ್ಟಾದ.

ಎರಡನೆಯದು ನೀರಿನ ಗುಣ. ಹಂಸಾವತಿಯವರು ಅದನ್ನು ನೋಡುವುದು ಒಲೆಯ ಮೇಲೆ. ತೊಗರಿಬೇಳೆ ಬೆಂದು ಬೆಣ್ಣೆಯಾದರೆ ನೀರು ಒಳ್ಳೆಯದು. ಬೇಳೆ ಕಲ್ಲಾಗಿ ನಿಂತರೆ ನೀರು ಗಡಸು, ಊರಿಗೆ ಆಗದು. ದುಗ್ಗ ಕೆರೆ ಏರಿಯ ಮೇಲೆ ಕಲ್ಲಿಟ್ಟು ಒಲೆ ಹೂಡಿದ, ಬೇಳೆಗೆ ನೀರೆರೆದು ಉರಿಗೆ ಪುರಳೆ ಕಡ್ಡಿ ಆಯಲು ಹೋದ. ಜೋಗಣ್ಣ ಎಲೆಯಡಿಕೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದ. ಅತ್ತಿತ್ತ ನೋಡಿದ. ಅಷ್ಟೂ ಸುಣ್ಣವನ್ನು ಮಡಕೆಗೆ ಬಳಿದ.

ಹೊತ್ತು ನೆತ್ತಿಗೆ ಬಂತು, ನೆತ್ತಿಯಿಂದ ಇಳಿಯಿತು. ಬೇಳೆ ಬೇಯಲಿಲ್ಲ.

"ಎಲ್ಲಾ ನಿನ್ನ ಕೈಗುಣ ಕಣಯ್ಯಾ," ಅಂದ ಜೋಗಣ್ಣ. "ಮೊಸಳೆ ಬೆನ್ನು ಕೆರೆಯೋ ಕೈ ಅಡುಗೆಗೆ ಆಗುತ್ತಾ?"

ಮಾಯಾವಿ ಗುಡ್ಡದಷ್ಟಾದ. ತೂಬಿನ ಕಲ್ಲು ಕಿರಗುಟ್ಟಿತು.

ದುಗ್ಗ ಕಣ್ಣೊರೆಸಿಕೊಂಡ. "ನನ್ನ ಕೈಗುಣ ಹಾಳಾಗಲಿ ಭಾವ. ಈ ನೀರೂ ಆಗದಿದ್ದರೆ ಊರು ಎಲ್ಲಿಗೆ ಹೋಗಬೇಕು? ಮೂರು ದಿನದಿಂದ ಉಪ್ಪುನೀರು ಕುಡಿದು ಅಕ್ಕನ ತುಟಿ ಬಿರಿದಿದೆ. ನಡಿ, ಕೆರೆ ಆಗದು ಅಂತ ರಾಣಿಗೆ ಹೇಳಿಬಿಡೋಣ."

ಜೋಗಣ್ಣ ಊರ ಕಡೆ ನೋಡಿದ. ಬಾಯಿಬಿಟ್ಟರೆ ನೀರುಗಂಟಿ ಕೆಲಸ ದುಗ್ಗನಿಗೆ ಹೋಯಿತು. ಬಿಡದಿದ್ದರೆ ಊರೇ ಹೋಯಿತು.

"ಸುಮ್ಮನಿರು ಜೋಗಣ್ಣ," ಎಂದು ಮಾಯಾವಿ ಮೇಲಿನಿಂದ ಗೊಗ್ಗರು ದನಿಯಲ್ಲಿ ಹೇಳಿದ. "ನಿನಗಿಲ್ಲದ್ದು ಅವನಿಗೂ ಬೇಡ. ಊರಿಗೂ ಬೇಡ."

ಅದು ಜೋಗಣ್ಣ ಬೆಳಗಿನಿಂದ ಮನಸ್ಸಿನಲ್ಲಿ ಅಂದುಕೊಂಡ ಮಾತೇ. ಇನ್ನೊಬ್ಬರ ಬಾಯಲ್ಲಿ ಕೇಳಿದ್ದೇ ಅವನು ಸುಣ್ಣದ ಡಬ್ಬಿಯನ್ನು ದುಗ್ಗನ ಮುಂದೆ ಎಸೆದ.

"ಲೋ ದುಗ್ಗ, ನೀರು ಚೊಕ್ಕವಾಗಿದೆ! ಮಡಕೆಗೆ ಸುಣ್ಣ ಹಾಕಿದವ ನಾನು. ನಿನ್ನ ಕಂಡರೆ ನನಗೆ ಹೊಟ್ಟೆ ಉರಿಯುತ್ತೆ. ಮದುವೆಯ ದಿನದಿಂದ ಉರಿದಿದೆ. ಈಗಲೂ ಉರೀತಿದೆ!"

"ಅಯ್ಯೋ ಭಾವ, ಉರಿಯೋದು ಇಡೀ ಬೀದಿಗೇ ಗೊತ್ತು. ಸುಣ್ಣದ್ದು ಮಾತ್ರ ಗೊತ್ತಿರಲಿಲ್ಲ!"

ಬಾಯಿಂದ ಹೊರಬಿದ್ದ ಹೊಟ್ಟೆಕಿಚ್ಚು ಮಾಯಾವಿಗೆ ವಿಷ. ಗುಡ್ಡದಂತಿದ್ದವನು ಆನೆಯಾದ, ಆನೆ ಟಗರಾಯಿತು, ಟಗರು ಬೇಳೆಕಾಳಾಯಿತು. ದಡದ ಕೊಕ್ಕರೆಯೊಂದು ಕುಕ್ಕಿ ನುಂಗಿತು. ಅಲ್ಲಿಗೆ ಅವನ ಕತೆ ಮುಗಿಯಿತು.

ಮಡಕೆ ತೊಳೆದು ಮತ್ತೆ ಬೇಳೆ ಇಟ್ಟರು. ಬೆಂದು ಬೆಣ್ಣೆಯಾಯಿತು. ಇಬ್ಬರೂ ಸೇರಿ ತೂಬೆತ್ತಿದರು. ನೀರು ಹೊರಟಿತು ನೋಡಿ! ಇವರು ಓಡೋಡಿ ಊರು ಸೇರುವಷ್ಟರಲ್ಲಿ ನೀರು ಮುಂಚೆಯೇ ಬಂದು, ಊರವರು ಕುಡಿದು, ಮಿಂದು, ಎಮ್ಮೆ ತೊಳೆಯುತ್ತಿದ್ದರು. ರಾಣಿಯ ಮೂರನೆಯ ಮಾತಿಗೆ ನೀರೇ ಉತ್ತರ ಹೇಳಿತು.

ಜೋಗಣ್ಣ ತುಂಬಿದ ಸಭೆಯಲ್ಲಿ ಸುಣ್ಣದ ಸಂಗತಿ ಒಪ್ಪಿಕೊಂಡ. ನೀರುಗಂಟಿ ಕೆಲಸ ದುಗ್ಗನದಾಯಿತು.

"ಉರಿಯುತ್ತಿದೆಯಾ ಜೋಗಣ್ಣ?" ಎಂದಳು ರಾಣಿ.

"ಉರೀತಿದೆ ತಾಯಿ."

"ಒಳ್ಳೆಯದು. ಬೇರೆಯವರಿಗೆ ಒಂದು ಕೊಡ ಹೆಚ್ಚು ಹೋದರೆ ನಿನ್ನಷ್ಟು ಬೇಗ ಕಾಣುವ ಕಣ್ಣು ಈ ರಾಜ್ಯದಲ್ಲಿಲ್ಲ. ದುಗ್ಗ ಹಂಚಲಿ, ನೀನು ನೋಡು. ಕಂಡದ್ದನ್ನು ನುಂಗಬೇಡ, ಕೂಗಿ ಹೇಳು."

ಅಂದಿನಿಂದ ಬೆಳಗಾದರೆ ಏರಿಯ ಮೇಲೆ ಜೋಗಣ್ಣನ ಬೈಗುಳ, ಕೆಳಗೆ ದುಗ್ಗನ ನಗು, ಕೇರಿಕೇರಿಗೂ ಸಮನಾದ ನೀರು. ಹಂಸಾವತಿಯ ಜನ ನೂರು ವರ್ಷ ಸುಖವಾಗಿ ಬದುಕಿದರು, ಅದು ಸಾಲದೆ ಇನ್ನೂ ನೂರು ವರ್ಷ ಬದುಕಿದರು.