ಪಿನ್ನಿನ ಪೆಟ್ಟಿಗೆಯಲ್ಲಿ ಅಕ್ಕಿ

ಗುರುವಾರ ಮಧ್ಯಾಹ್ನ ಜೋಗೇಶ್ವರಿ ಬಡಾವಣೆಯ ಠಾಣೆಗೆ ದೂರು ಬಂದಾಗ ಇನ್‌ಸ್ಪೆಕ್ಟರ್ ಶಿವಕುಮಾರಿ ಊಟದ ಡಬ್ಬಿ ಮುಚ್ಚುತ್ತಿದ್ದರು. ದೂರುದಾರ ಸುಭಾಷ ಬೆಳಗಾವಿ ಕಡೆಯವನು, ಪಕ್ಕದ ಗಲ್ಲಿಯ ವರ್ಕ್‌ಶಾಪಿನ ಮಾಲೀಕ. ಅಲ್ಲಿ ರಾಕೆಟ್ಟಿನ ಕಾಲುಗಳಿಗೆ ಹಾಕುವ ಉಕ್ಕಿನ ಪಿನ್ನುಗಳು ತಯಾರಾಗುತ್ತಿದ್ದವು. ಸೇನೆಯ ಕಣ್ಗಾವಲು ಉಪಗ್ರಹವನ್ನು ಮೇಲೆ ಬಿಟ್ಟು, ತಾನು ತಿರುಗಿ ಬಂದು ಆ ಕಾಲುಗಳ ಮೇಲೆ ನಿಲ್ಲುವ ರಾಕೆಟ್. ಉಡಾವಣೆ ಮರುದಿನ ಬೆಳಿಗ್ಗೆ.

"ಹೆಚ್ಚುವರಿ ಪಿನ್ನಿನ ಪೆಟ್ಟಿಗಿ ಸೀಲ್ ಒಡದಾರ್ರೀ ಮೇಡಂ. ಒಳಗ ಏನೇನೋ ಹಾಕ್ಯಾರ. ರಾಕೆಟ್ಟಿನ್ಯಾಗ ಕೂಡಿಸಿದ್ದೂ ನಮ್ಮ ಪಿನ್ನೇ. ಅವನ್ನೂ ಕೆಡಿಸ್ಯಾರೋ ಏನೋ. ಸಂಜಿ ಒಳಗ ಗೊತ್ತಾಗಲಿಲ್ಲಂದ್ರ ಉಡಾವಣೆ ನಿಲ್ಲಸ್ತಾರಂತ."

ಎಫ್‌ಐಆರ್ ದಾಖಲಾಯಿತು. ಮೂರು ಗಂಟೆಗೆ ಪಂಚನಾಮೆ. ಪ್ಯಾಕಿಂಗ್ ಕೋಣೆಯ ಬಿಳಿ ಬೆಳಕಿನಲ್ಲಿ, ಬಟ್ಟೆ ಸುತ್ತಿದ ಪಿನ್ನುಗಳು ತೊಟ್ಟಿಲ ಕೂಸುಗಳಂತೆ ಮಲಗಿದ್ದವು. ಅವುಗಳ ಮೇಲೆ ಅಕ್ಕಿ, ಅರಿಶಿನದ ಕೊಂಬು, ಉತ್ತತ್ತಿ, ಕೊಬ್ಬರಿ ಬಟ್ಟಲು, ರವಿಕೆಯ ಹಸಿರು ಖಣ.

"ಮಾಟಾ ಮಾಡ್ಸ್ಯಾರ್ರೀ," ಎಂದ ಸುಭಾಷ.

"ನಿಮ್ಮನ್ಯಾಗ ಹೆಣ್ಮಕ್ಕಳಿಲ್ಲೇನ್ರೀ?" ಎಂದರು ಶಿವಕುಮಾರಿ.

"ಅದಾರ್ರೀ."

"ಅವರು ತವರಿಂದ ಹೊಂಟಾಗ ಒಂದಿನಾನೂ ಕಣ್ಣೆತ್ತಿ ನೋಡಿಲ್ಲ ನೀವು."

ಬರೆದುಕೊಳ್ಳುತ್ತಿದ್ದ ಮರಾಠಿ ಕಾನ್‌ಸ್ಟೆಬಲ್ ಶೀತಲ್ ನಕ್ಕಳು. "ಮ್ಯಾಡಮ್, ಇದು ಓಟಿ ಅಲ್ಲ ಕಾ? ನಮ್ಮ ಆಯೀ ಪಣ್ ತುಂಬ್ತಾಳೆ."

ಓಟಿ ಎಂದರೆ ಉಡಿಯೇ. ಯಾರೋ ಈ ಉಕ್ಕಿಗೆ, ಮಗಳಿಗೆ ತುಂಬುವಂತೆ ಉಡಿ ತುಂಬಿದ್ದರು. ಮೋಡ ದಾಟಿ, ಮಡಿಲು ತುಂಬಿಕೊಂಡು ಒಬ್ಬಳು ಹುಡುಗಿ ಹೊರಟಂತೆ ಶಿವಕುಮಾರಿಗೆ ಒಂದು ಗಳಿಗೆ ಕಂಡಿತು. ಮತ್ತೆ ಬಗ್ಗಿ ನೋಡಿದರು. ಕುಂಕುಮ ಎಲ್ಲಿಯೂ ಇರಲಿಲ್ಲ. ಮೊದಲು ಕುಂಕುಮ ಹಚ್ಚದೆ ಯಾವ ಮುತ್ತೈದೆಯೂ ಉಡಿ ತುಂಬುವುದಿಲ್ಲ.

"ಪ್ಯಾಕಿಂಗಿನ್ಯಾಗ ಗಂಡ ತೀರಿಕೊಂಡಾವ್ರು ಯಾರದಾರ?"

"ದಾನವ್ವ ಒಬ್ಬಾಕಿ. ಇವತ್ತು ರಜಾ."

ಕುರ್ಲಾದ ಚಾಳಿನಲ್ಲಿ ದಾನವ್ವ ಇದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿ ಮುಂದಿಟ್ಟಳು. ಶಿವಕುಮಾರಿ ಅದರಲ್ಲಿ ಅವಳನ್ನೇ ಕೂಡಿಸಿದರು.

"ಸೀಲ್ ಒಡದಾವ್ರು ಯಾರ್ರೀ?"

"ನಾನ್ರೀ."

"ಪಿನ್ ಮುಟ್ಟಿದ್ರೇನು?"

"ಇಲ್ಲರೀ. ಗ್ಲೌಸ್ ಹಾಕ್ಕೊಂಡು ಬಟ್ಟಿ ಮ್ಯಾಲಿಟ್ಟೀನಿ."

"ಮೊದಲು ಹೋದ ಪೆಟ್ಟಿಗಿಗೂ ತುಂಬಿದ್ರೇನು?"

"ಇಲ್ಲರೀ. ಅವು ಹೋದ ಮ್ಯಾಲೆ ಗೊತ್ತಾತ್ರೀ, ಇದು ಹೋಗಿ ತಿರುಗಿ ಬರೂ ರಾಕೆಟ್ ಅಂತ. ಅದಕ ಉಳಿದ ಪೆಟ್ಟಿಗಿಗೇ ತುಂಬಿದ್ನಿ. ಹೋಗಿ ಬರಾಕಿಗೆ ಉಡಿ ಬ್ಯಾಡೇನ್ರೀ?"

ಶಿವಕುಮಾರಿ ಉಡಾವಣಾ ಕೇಂದ್ರಕ್ಕೆ ಫೋನ್ ಮಾಡಿದರು. ಹಿಂದಿನ ಪೆಟ್ಟಿಗೆಗಳ ಸೀಲುಗಳು ಒಡೆಯದೆಯೇ ಬಂದಿದ್ದವು.

"ಯಾಕ ಮಾಡಿದ್ರಿ?"

ಶೀತಲ್ ಚಹಾದ ಗ್ಲಾಸನ್ನು ದಾನವ್ವನ ಕೈಗಿಟ್ಟು, ಹಿಡಿತ ಗಟ್ಟಿಯಾಗುವವರೆಗೆ ತಾನೂ ಹಿಡಿದುಕೊಂಡಳು.

"ಮಗಳು ರಾಧಿಕಾ ಗಡೀ ಮ್ಯಾಲೆ ಡ್ಯೂಟಿಗದಾಳ್ರೀ. ಆಕಿ ಹೊಂಟ ದಿನ ಉಡಿ ತುಂಬಾಕ ಹೋದ್ನಿ. ವಾರಗಿತ್ತಿ ಕೈ ಹಿಡದ್ಲು. ನಿನ್ನ ಕೈಲೆ ಬ್ಯಾಡ ಅಂದ್ಲು. ಈ ಉಪಗ್ರಹ ಮ್ಯಾಲಿಂದ ಗಡಿ ಕಾಯ್ತದಂತ. ಪ್ಯಾಕಿಂಗಿನ್ಯಾಗ ನನ್ನ ಕೈ ಹಿಡಿಯಾವ್ರು ಯಾರೂ ಇರಲಿಲ್ಲರೀ."

ವಿಧ್ವಂಸದ ಉದ್ದೇಶವಿಲ್ಲ, ಸೀಲ್ ಒಡೆದದ್ದು ಮಾತ್ರ ಅಪರಾಧ ಎಂದು ಆರು ಗಂಟೆಗೆ ವರದಿ ಹೋಯಿತು. ಉಡಾವಣೆಗೆ ಒಪ್ಪಿಗೆ ಸಿಕ್ಕಿತು. ಅಷ್ಟರಲ್ಲಿ ಹೊತ್ತು ಮುಳುಗಿತ್ತು; ಆಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ. ಬೆಳಿಗ್ಗೆ ಬರುತ್ತೇವೆಂದು ದಾನವ್ವನಿಗೆ ಹೇಳಿ ಶಿವಕುಮಾರಿ ಹೋದರು.

ಬೆಳಿಗ್ಗೆ ಅವರು ಬಂದಾಗ ನೆರೆಮನೆಯ ಟಿವಿಯ ಮುಂದೆ ಚಾಳೇ ನೆರೆದಿತ್ತು. ರಾಕೆಟ್ ಬೆಳ್ಳನೆಯ ದಾರ ಎಳೆಯುತ್ತ ಏರಿತು. ಸ್ವಲ್ಪ ಹೊತ್ತಿಗೆ, ಕನಸಿನೊಳಗೆ ಇಳಿಯುವವರ ಹಾಗೆ ನಿಧಾನ ಇಳಿದು, ನಾಲ್ಕು ಕಾಲು ಚಾಚಿ ನೆಲದ ಮೇಲೆ ನಿಂತಿತು. ಅಲ್ಲಿಯವರೆಗೂ ಶಿವಕುಮಾರಿ ಬಂಧನದ ಮಾತೆತ್ತಲಿಲ್ಲ.

ದಾನವ್ವ ತಾನೇ ಎದ್ದು ಬಂದಳು.

"ಬಂಧಿಸಿದ್ದು ಮನಿಯವರೊಬ್ಬರಿಗೆ ತಿಳಿಸಬೇಕ್ರೀ," ಎಂದರು ಶಿವಕುಮಾರಿ. "ರಾಧಿಕಾಗ ಫೋನ್ ಮಾಡ್ಲೇನು?"

"ಬ್ಯಾಡ್ರೀ, ಡ್ಯೂಟಿ ಮ್ಯಾಲಿರ್ತಾಳ." ದಾನವ್ವ ಚಪ್ಪಲಿ ಮೆಟ್ಟಿಕೊಂಡಳು. "ವಾರಗಿತ್ತಿಗೆ ಹೇಳ್ರೀ. ನಾ ಉಡಿ ತುಂಬಿದ ರಾಕೆಟ್ ಸುಖವಾಗಿ ತಿರುಗಿ ಬಂತು ಅಂತ ಹೇಳ್ರೀ."