ರಾಣಿ ಏನು ಹುಡುಕುತ್ತಿತ್ತು?

"ಇಲ್ಲೇನೈತಿ ಅಂತ ದಿನಾ ಬರ್ತೀಬೇ ನೀ?"

ಸುಂದರಾ ಟ್ರ್ಯಾಕ್ಟರ್ ಟ್ರಾಲಿಯ ಕೆಳಗೆ ಮೊಣಕಾಲೂರಿ ಕೂತು ಕೋಳಿಯನ್ನು ಕೇಳಿದಳು. ಕೈಯಲ್ಲಿ ಟಾರ್ಚ್ ಇತ್ತು. ಕೋಳಿ ಗಾಲಿಗಳ ನಡುವಿನ ಕಬ್ಬಿಣದ ಅಚ್ಚನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿತು. ಬೋಳು ಕುತ್ತಿಗೆ ಎತ್ತಿ ಟ್ರಾಲಿಯ ತಳವನ್ನು ನೋಡಿತು. ಏನೋ ಕಳೆದುಕೊಂಡವರ ಹಾಗೆ ಒಂದು ಸುತ್ತು ಬಂದು, ಕೊನೆಗೆ ಬೇರೆ ದಾರಿ ಕಾಣದೆ ಅಚ್ಚಿನ ಮೇಲೆ ಹಾರಿ ಕೂತಿತು.

ಸುಂದರಾ ಅಲ್ಲೆಲ್ಲ ಟಾರ್ಚ್ ಬಿಟ್ಟು ನೋಡಿದಳು. ಗ್ರೀಸು, ಒಣಗಿದ ಕೆಸರು, ಜೇಡರ ಬಲೆ. ಅಷ್ಟೇ.

"ಆಯೀ, ಮತ್ತ ಅಲ್ಲೇ ಕುಂತೈತಿ ನೋಡ."

"ಕುಂದರ್ಲಿ ಬಿಡ, ನೀ ಒಳಗ ಬಾ," ಎಂದಳು ಅಜ್ಜಿ ದುಂಡವ್ವ, ಒಲೆಯ ಮುಂದಿನಿಂದಲೇ. "ಕೋಳಿ ತಲ್ಯಾಗ ಏನೈತಿ ಅಂತ ತಿಳಕೊಂಡ ಯಾವ ಪರೀಕ್ಷೆ ಬರೀತಿ?"

ಪರೀಕ್ಷೆ ಇರಲಿ ಬಿಡಲಿ, ಸುಂದರಾಳಿಗೆ ತಿಳಿಯಲೇಬೇಕಿತ್ತು. ರಾಯಬಾಗದ ಹತ್ತಿರದ ಅವರ ತೋಟದ ಮನೆಯಲ್ಲಿ ಅಜ್ಜಿಯ ಕೋಳಿಗಳೂ ಇದ್ದವು. ಹೊತ್ತು ಮುಳುಗಿತೋ, ಅವು ಒಂದರ ಹಿಂದೆ ಒಂದು ಬಂದು ಗೋಡೆ ಮೂಲೆಯಲ್ಲಿ ನಿಲ್ಲುತ್ತಿದ್ದವು. ಅಜ್ಜಿ ಬುಟ್ಟಿ ಬೋರಲು ಹಾಕಿ ಮೇಲೊಂದು ಕಲ್ಲಿಟ್ಟರೆ ಮುಗಿಯಿತು. ರಾಣಿ ಹಾಗಲ್ಲ. ಬುಟ್ಟಿಯೊಳಗೆ ಹಾಕಿದರೆ ಬಡಿದಾಡಿ ಮನೆಯವರನ್ನೆಲ್ಲ ಎಬ್ಬಿಸುತ್ತಿತ್ತು.

ರಾಣಿ ಅಜ್ಜಿಯ ಕೋಳಿಯೇ ಅಲ್ಲ. ಹೊಲದ ಕಬ್ಬು ಕಡಿದು ಮುಗಿದ ಮೇಲೆ, ಒಣ ಸೋಗೆಯ ರಾಶಿಯೊಳಗಿಂದ ತಾನಾಗಿ ಎದ್ದು ಬಂದಿತ್ತು. "ಯಾರೂ ಕೇಳ್ಕೊಂಡ ಬರ್ಲಿಲ್ಲಂದ್ರ ನಿಂದ," ಎಂದಿದ್ದಳು ಅಜ್ಜಿ. ಯಾರೂ ಬರಲಿಲ್ಲ. ಅಕ್ಕನ ಹಳೆಯ ಲಂಗ, ಅಣ್ಣನ ಹಳೆಯ ಪಾಟಿಚೀಲ, ಎಲ್ಲವೂ ಯಾರದೋ ಆಗಿ ಆಮೇಲೆ ಸುಂದರಾಳಿಗೆ ಬರುತ್ತಿದ್ದವು. ಮೊದಲಿನಿಂದ ತನ್ನದೇ ಎಂದು ಅವಳಿಗೆ ಇದ್ದದ್ದು ರಾಣಿ ಒಂದೇ.

ಅದಕ್ಕಾಗಿ ಅವಳು ಏನೇನೋ ಮಾಡಿ ನೋಡಿದಳು. ಅಚ್ಚಿಗೆ ಹಳೆಯ ಬಟ್ಟೆ ಸುತ್ತಿದಳು. ರಾಣಿ ಅದನ್ನು ಕುಕ್ಕಿ ಬಿಟ್ಟಿತು. ಟ್ರಾಲಿಯ ಕೆಳಗೆ ಹುಲ್ಲು ಹಾಸಿದಳು. ರಾಣಿ ಹುಲ್ಲನ್ನು ಕೆದರಿ ಹುಳ ತಿಂದು, ಮತ್ತೆ ತಲೆ ಎತ್ತಿ ತಳವನ್ನೇ ನೋಡಿತು. ಒಮ್ಮೆ ಟ್ರಾಲಿ ಬೇರೆಯವರ ಕಬ್ಬು ಹೇರಿಕೊಂಡು ಕಾರಖಾನೆಗೆ ಹೋದಾಗಂತೂ ಕತ್ತಲಾಗುವವರೆಗೆ ಅಂಗಳದಲ್ಲಿ ಕೂಗುತ್ತ ತಿರುಗಿತು. ಕೊನೆಗೆ ಸುಂದರಾ ತೊಡೆಯ ಮೇಲೆ ಮಲಗಿಸಿಕೊಳ್ಳಬೇಕಾಯಿತು. ಮರುದಿನ ಸ್ಕೂಲಿನಲ್ಲಿ ಗುರುಗಳು ಮಗ್ಗಿ ಕೇಳಿದರೆ ಅವಳ ತಲೆಯಲ್ಲಿ ಬರೀ ಗಾಲಿ ಮತ್ತು ಅಚ್ಚು.

ಒಂದು ಸಂಜೆ ರಸ್ತೆಯಿಂದ ಎತ್ತಿನ ಗಾಡಿಯೊಂದು ಅಂಗಳಕ್ಕೆ ತಿರುಗಿತು. ಅವರ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕಬ್ಬು ಕಡಿದು ಹೋಗಿದ್ದ ಮರಾಠಿ ಮಂದಿಯ ಗಾಡಿ ಅದು. ಈಗ ಬೇರೆ ಊರಿನ ಕಬ್ಬನ್ನು ಕಾರಖಾನೆಯಲ್ಲಿ ಇಳಿಸಿ, ಖಾಲಿ ಗಾಡಿಯಲ್ಲಿ ಹೊರಟಿದ್ದರು. ಎತ್ತುಗಳಿಗೆ ನೀರು ಕೇಳಲು ಆ ಗುಂಪಿನ ಸೋನಾಬಾಯಿ ಕೆಳಗಿಳಿದಳು. ಅವಳ ಮಗಳು ಅನುಸಾ, ಹೆಚ್ಚುಕಡಿಮೆ ಸುಂದರಾಳಷ್ಟೇ ಎತ್ತರದ ಹುಡುಗಿ, ಇಳಿದವಳೇ ಹಾಗೇ ನಿಂತುಬಿಟ್ಟಳು.

"ಹೀ ಆಮಚಿ ಕೋಂಬಡಿ," ಎಂದಳು.

ಇದು ನಮ್ಮ ಕೋಳಿ ಅಂತ. ಸುಂದರಾಳಿಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು. ಆದರೂ ತಿಳಿಯದವಳ ಹಾಗೆ ರಾಣಿಯನ್ನು ಎತ್ತಿ ಎದೆಗೆ ಅವುಚಿಕೊಂಡಳು.

"ಇದು ನಂದು. ಇದರ ಹೆಸರ ರಾಣಿ."

ವರ್ಷವರ್ಷವೂ ಈ ಕಡೆ ಕಬ್ಬು ಕಡಿಯಲು ಬರುವ ಅನುಸಾಳಿಗೆ ಕನ್ನಡ ಬರುತ್ತಿತ್ತು. "ನಾವು ಇಲ್ಲಿಂದ ಹೊಂಟ ದಿನ ತತ್ತಿ ಇಡಾಕ ಎಲ್ಲೋ ಹೋಗಿತ್ತು. ಎಷ್ಟ ಕರದ್ರೂ ಬರ್ಲಿಲ್ಲ. ನಮ್ಮ ಗ್ಯಾಂಗಿನ ಮುಕಾದಮ ನಿಲ್ಲಾಕ ಬಿಡ್ಲಿಲ್ಲ."

"ಬೋಳ ಕುತ್ತಿಗಿ ಕೋಳಿ ಜಗತ್ತಿನ್ಯಾಗ ಇದೊಂದ ಏನ?"

ಅಜ್ಜಿ ಹೊರಗೆ ಬಂದಳು. ಇಬ್ಬರ ಮುಖವನ್ನೂ ನೋಡಿದಳು. "ಜಗಳ ಯಾಕ? ಕೋಳಿನ್ನ ಕೇಳೂಣು. ಹೊತ್ತ ಮುಳಗಾಕತ್ತೈತಿ. ನೆಲಕ್ಕ ಬಿಡ. ಅದು ಎಲ್ಲಿ ಹೋಗಿ ಕುಂದರ್ತೈತಿ, ಅವರದು."

ಸುಂದರಾಳಿಗೆ ಒಳಗೊಳಗೇ ಖುಷಿಯಾಯಿತು. ಟ್ರಾಲಿ ಅಂಗಳದಲ್ಲೇ ಇತ್ತು. ರಾಣಿ ಅದನ್ನು ಬಿಟ್ಟು ಎಲ್ಲಿಗೆ ಹೋದೀತು? ಅನುಸಾಳ ಮುಖ ಮಾತ್ರ ಸಣ್ಣದಾಯಿತು.

"ನಮ್ಮ ಮನಿ ಎಲ್ಲೈತ್ರಿ ಇಲ್ಲೆ?" ಎಂದಳು ಮೆಲ್ಲಗೆ. "ಗುಡಿಸಲಾ ಕಿತ್ಕೊಂಡ ಹೋಗೀವಲ್ರಿ."

ಸುಂದರಾ ಒಳಗಿನಿಂದ ಒಂದು ಮುಷ್ಟಿ ಜೋಳ ತಂದು, ಯಾರಿಗೂ ಕಾಣದ ಹಾಗೆ ಟ್ರಾಲಿಯ ಕೆಳಗೆ ನಾಲ್ಕು ಕಾಳು ಚೆಲ್ಲಿದಳು. ಅನುಸಾ ನೋಡಿದಳು. ಆದರೂ ಸುಮ್ಮನಿದ್ದಳು.

ರಾಣಿಯನ್ನು ನೆಲಕ್ಕೆ ಬಿಟ್ಟರು. ರೆಕ್ಕೆ ಕೊಡವಿಕೊಂಡು ಅದು ನೆಟ್ಟಗೆ ಟ್ರಾಲಿಯ ಕಡೆಗೆ ಹೊರಟಿತು. ಒಂದು ಕಾಳು ಕುಕ್ಕಿತು. ದಿನದ ಹಾಗೆ ಅಚ್ಚನ್ನು ನೋಡಿತು. ಕುತ್ತಿಗೆ ಎತ್ತಿ ತಳವನ್ನು ನೋಡಿತು. ಹತ್ತು ಬೇ, ಹತ್ತಿ ಕುಂದರ, ಎಂದು ಸುಂದರಾ ಮನಸ್ಸಿನಲ್ಲೇ ಹೇಳುತ್ತಿದ್ದಳು.

ಅಷ್ಟರಲ್ಲಿ ನೀರು ಕುಡಿದ ಎತ್ತು ಕತ್ತು ಕೊಡವಿತು. ಕೊರಳಿನ ಗಂಟೆ ಸದ್ದು ಮಾಡಿತು.

ರಾಣಿ ಹಾಗೇ ನಿಂತಿತು. ಆಮೇಲೆ ತಿರುಗಿ ಓಡತೊಡಗಿತು. ರೆಕ್ಕೆ ಬಿಚ್ಚಿಕೊಂಡು, ಅಂಗಳದ ಉದ್ದಕ್ಕೂ ಓಡಿ, ಎತ್ತಿನ ಗಾಡಿಯ ಕೆಳಗೆ ನುಗ್ಗಿ ಅಚ್ಚಿನ ಮೇಲೆ ಹಾರಿತು. ಅಲ್ಲಿ ಕೂರಲಿಲ್ಲ. ಅಚ್ಚಿನ ಹಿಂದೆ, ಗಾಡಿಯ ತಳಕ್ಕೆ ಒಂದು ಗೋಣಿತಟ್ಟಿನ ಜೋಲಿ ಕಟ್ಟಿತ್ತು. ರಾಣಿ ಅದರೊಳಗೆ ಇಳಿದು, ಒಂದು ಸುತ್ತು ತಿರುಗಿ, ಸದ್ದಿಲ್ಲದೆ ಕೂತಿತು.

ಸುಂದರಾ ಟಾರ್ಚ್ ಹಿಡಿದು ಗಾಡಿಯ ಕೆಳಗೆ ತೂರಿದಳು. ಜೋಲಿಯೊಳಗೆ ಒಣ ಹುಲ್ಲು, ಕಂದು ಬಣ್ಣದ ಹಳೆಯ ಪುಕ್ಕ. ಹರಿದಲ್ಲಿ ಹಸಿರು ಸೀರೆಯ ತುಂಡಿನ ತೇಪೆ.

"ಇದನ್ನ ಯಾರ ಕಟ್ಟ್ಯಾರ?"

"ನಾನಾ. ಗಾಡಿ ಹೊಂಟಾಗ ಬೀಳಬಾರ್ದು ಅಂತ," ಎಂದಳು ಅನುಸಾ. ಅವಳೂ ಕೆಳಗೆ ತೂರಿದ್ದಳು. "ಮರಿ ಇದ್ದಾಗಿಂದ ಇದರಾಗ ಮಲಗ್ತೈತಿ."

ಸುಂದರಾಳಿಗೆ ಗೊತ್ತಾಯಿತು. ಗೊತ್ತಾದದ್ದಕ್ಕೆ ಖುಷಿಯೂ ಆಯಿತು, ಸಂಕಟವೂ ಆಯಿತು.

"ಇದನ್ನಾ ಹುಡಕ್ತಿತ್ತು. ನಮ್ಮ ಟ್ರಾಲಿ ಬುಡಕ ಹೋಗಿ ಇದನ್ನಾ ಹುಡಕ್ತಿತ್ತು."

"ದಿನಾ?"

"ದಿನಾ."

ಅನುಸಾ ಜೋಲಿಯ ಹಗ್ಗದ ಗಂಟನ್ನು ಎಳೆದು ಬಿಗಿ ಮಾಡಿದಳು. ಸುಂದರಾ ತನ್ನ ಮುಷ್ಟಿಯಲ್ಲಿ ಉಳಿದಿದ್ದ ಜೋಳವನ್ನು ಅವಳ ಅಂಗೈಗೆ ಸುರಿದಳು.

"ಮುಂಜಾನೆ ಹಾಕ. ಹಸದಿರ್ತೈತಿ."

ಗಾಡಿ ಹೊರಟಿತು. ಸುಂದರಾ ಅದರ ಹಿಂದೆಯೇ ಕಾಲುವೆಯವರೆಗೆ ನಡೆದಳು. ಟಾರ್ಚಿನ ಬೆಳಕಿನಲ್ಲಿ ಜೋಲಿ ತೂಗುತ್ತಿತ್ತು. ರಾಣಿ ಒಂದು ಸಲವೂ ಅವಳ ಕಡೆಗೆ ನೋಡಲಿಲ್ಲ. ಕಲ್ಲಿನ ಮೇಲೆ ಗಾಲಿ ಎಗರಿದರೂ ಕಣ್ಣು ತೆರೆಯದೆ ಹಾಯಾಗಿ ನಿದ್ದೆ ಮಾಡುತ್ತಿತ್ತು.

ಕಾಲುವೆಯ ಹತ್ತಿರ ಸುಂದರಾ ನಿಂತು ಟಾರ್ಚ್ ಆರಿಸಿದಳು. ಗಂಟೆಯ ಸದ್ದು ದೂರ ದೂರವಾಯಿತು. ಸುತ್ತಲೂ ಕತ್ತಲಾಗುತ್ತಿತ್ತು. ದೂರದಲ್ಲಿ ಅಜ್ಜಿಯ ಒಲೆಯ ಬೆಳಕು ಸಣ್ಣಗೆ ಕಾಣುತ್ತಿತ್ತು. ಯಾರೂ ಕರೆದಿರಲಿಲ್ಲ. ಆದರೂ ಅವಳ ಕಾಲುಗಳು ತಾವಾಗಿಯೇ ಅತ್ತ ತಿರುಗಿದವು.